ಕೂದಲು ಕಸಿಗೆ ನಾನು ಕಾದದ್ದೇಕೆ: ನನ್ನ ಅನುಭವ

ನನಗೆ ಇಪ್ಪತ್ತೈದು ತುಂಬಿ, ಮನೆಯಲ್ಲಿ ಕನ್ಯೆ ನೋಡುವ ಮಾತು ಶುರುವಾದಾಗ, ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಆಗಲೇ ಸಾಕಷ್ಟು ಹಿಂದೆ ಸರಿದಿತ್ತು. ಫೋಟೊ ನೋಡಿದ ಮೇಲೆ ಹೆಣ್ಣಿನ ಕಡೆಯವರು ಸುಮ್ಮನಾಗಿಬಿಟ್ಟ ಪ್ರಸಂಗಗಳೂ ಇದ್ದುದರಿಂದ, ಮದುವೆಗೆ ಮೊದಲೇ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡುಬಿಡು ಎಂದು ಅವ್ವ, ಅಣ್ಣ, ಗೆಳೆಯರು ಎಲ್ಲರೂ ಒತ್ತಾಯಿಸಿದರು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಆ ಹಣ ಹೊಂದಿಸುವುದು ಕಷ್ಟವಾದರೂ ಅಸಾಧ್ಯವೇನೂ ಆಗಿರಲಿಲ್ಲ. ಆದರೂ ನಾನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಮೂವತ್ತು ದಾಟಿದ ಮೇಲೆ. ಅದೇ ಗೊಂದಲದಲ್ಲಿರುವ ಹುಡುಗರು ನಮ್ಮ ಭಾಗದಲ್ಲಿ ಬಹಳ ಮಂದಿ ಇರುವುದರಿಂದ, ಕಾಯುವ ತೀರ್ಮಾನಕ್ಕೆ ನಾನು ಹೇಗೆ ಬಂದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಹೋದದ್ದು ಬಳ್ಳಾರಿಯ ಚರ್ಮರೋಗ ತಜ್ಞರೊಬ್ಬರ ಬಳಿಗೆ. ಅವರು ಕಸಿಯ ಮಾತನ್ನೇ ಎತ್ತದೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ), ಥೈರಾಯ್ಡ್ ಪರೀಕ್ಷೆಗಳಿಗೆ ಬರೆದುಕೊಟ್ಟರು; ಹಿಂದಿನ ಕೆಲವು ತಿಂಗಳುಗಳಲ್ಲಿ ಟೈಫಾಯ್ಡ್, ಡೆಂಗಿ ಏನಾದರೂ ಬಂದಿತ್ತೇ ಎಂದು ಕೇಳಿದರು. ಜೋರು ಜ್ವರ ಬಂದು ಎರಡು ಮೂರು ತಿಂಗಳ ಮೇಲೆ ತಲೆಯ ತುಂಬ ಕೂದಲು ಉದುರುವುದುಂಟು, ಆದರೆ ಅದು ಸಾಮಾನ್ಯವಾಗಿ ಮತ್ತೆ ತಾನಾಗಿಯೇ ಬರುತ್ತದೆ; ಅಂಥವರಿಗೆ ಕಸಿಯ ಅಗತ್ಯವೇ ಇರುವುದಿಲ್ಲ. ಬಳಿಕ ಪೆನ್ನಿನಷ್ಟು ಗಾತ್ರದ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಹಿಡಿದು ಪರದೆಯ ಮೇಲೆ ತೋರಿಸಿದರು. ದಪ್ಪ ಕೂದಲುಗಳ ನಡುನಡುವೆ ನೂಲಿನ ಎಳೆಯಂಥ, ಬಣ್ಣವೂ ಮಾಸಿದ ಕೂದಲುಗಳು ಕಂಡವು. ಕನ್ನಡಿಯಲ್ಲಿ ತುಂಬಿದಂತೆ ಕಾಣುತ್ತಿದ್ದ ಜಾಗದಲ್ಲೂ ಅವು ಇದ್ದವು. "ನೋಡ್ರಿ, ಇವೆಲ್ಲ ಹೋಗೋ ದಾರಿಯೊಳಗ ಅದಾವ. ಈಗ ಮುಂದ ನೆಟ್ಟರ ಹಿಂದಿನವು ಉದುರೋದು ನಿಲ್ಲಂಗಿಲ್ಲ" ಎಂದರು.

ಈ ಒಂದು ಮಾತಿನ ಮೇಲೆಯೇ ನನ್ನ ನಿರ್ಧಾರ ನಿಂತಿತು. ಗಂಡಸರ ವಂಶಪಾರಂಪರ್ಯ ಬೊಕ್ಕತಲೆಗೆ ಕಾರಣ ಡಿಎಚ್‌ಟಿ ಎಂಬ ಹಾರ್ಮೋನು. ಹಣೆ ಮತ್ತು ನೆತ್ತಿಯ ಕೂದಲಿನ ಬುಡಗಳು ಅದಕ್ಕೆ ಸೋತು ಸಣ್ಣಗಾಗುತ್ತ ಹೋಗುತ್ತವೆ, ಹಿಂದಲೆಯವು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಹಿಂದಲೆಯ ಕೂದಲನ್ನು ಬೇರೆ ಜಾಗದಲ್ಲಿ ನೆಟ್ಟರೂ ಅದು ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ನಾರ್ಮನ್ ಒರೆನ್‌ಟ್ರೈಕ್ 1959ರಲ್ಲಿ ಪ್ರಕಟಿಸಿದರು. ಇಂದಿನ ಕಸಿಯೆಲ್ಲ ಅದೇ ತತ್ವದ ಮೇಲೆ ನಡೆಯುತ್ತದೆ. ಆದರೆ ಹಿಂದಲೆಯ ದಾಸ್ತಾನಿಗೆ ಮಿತಿಯಿದೆ. ಸಸಿಮಡಿಯಲ್ಲಿ ಎಷ್ಟು ಸಸಿ ಇದೆಯೋ ಅಷ್ಟೇ ಗದ್ದೆಗೆ ನಾಟಿ ಆಗುವಂತೆ, ಬಹುತೇಕರಿಗೆ ಜೀವಮಾನದಲ್ಲಿ ಸುರಕ್ಷಿತವಾಗಿ ಸಿಗುವುದು ಹೆಚ್ಚೆಂದರೆ ಐದಾರು ಸಾವಿರ ಗ್ರಾಫ್ಟ್ (ತೆಗೆದು ನೆಡುವ ಕೂದಲಿನ ಬುಡ), ಕೆಲವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಇಪ್ಪತ್ತೈದರಲ್ಲಿ ಹಣೆಯಂಚನ್ನು ಹದಿನೆಂಟರ ಹುಡುಗನಂತೆ ಕೆಳಗಿಳಿಸಿ ನೆಟ್ಟು ದಾಸ್ತಾನು ಖಾಲಿ ಮಾಡಿಕೊಂಡರೆ, ನಲವತ್ತರ ಹೊತ್ತಿಗೆ ಮುಂದೆ ಒಂದು ಪಟ್ಟಿ, ಅದರ ಹಿಂದೆ ಬೋಳು ಉಳಿಯಬಹುದು. ಆಗ ತುಂಬಿಸಲು ಏನೂ ಇರುವುದಿಲ್ಲ.

ಬೊಕ್ಕತಲೆಯನ್ನು ಏಳು ಹಂತಗಳಾಗಿ ಗುರುತಿಸುವ ನಾರ್ವುಡ್ ಪಟ್ಟಿಯಲ್ಲಿ ನಾನಿದ್ದದ್ದು ಮೂರನೆಯದರಲ್ಲಿ. ನಮ್ಮ ಅಪ್ಪ ಐದನೆಯದರಲ್ಲಿ, ಸೋದರಮಾವ ಆರನೆಯದರಲ್ಲಿ ಇದ್ದಾರೆ. ವಂಶದಲ್ಲಿದೆ ಎಂದಮಾತ್ರಕ್ಕೆ ಅಲ್ಲಿಗೇ ಮುಟ್ಟುತ್ತದೆ ಎಂದಲ್ಲ; ಆದರೆ ಮುಟ್ಟಬಹುದು ಎಂದಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಹೀಗಾಗಿ ಮೊದಲು ಔಷಧಿ. ಡಿಎಚ್‌ಟಿಯನ್ನು ತಗ್ಗಿಸುವ ಒಂದು ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ ದಿನಕ್ಕೊಂದು, ಜೊತೆಗೆ ನೆತ್ತಿಗೆ ಹಚ್ಚುವ ಐದು ಪ್ರತಿಶತದ ಮಿನಾಕ್ಸಿಡಿಲ್ ದ್ರಾವಣ. ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ಉಂಟು. ಅದನ್ನು ವೈದ್ಯರು ಮುಚ್ಚಿಡದೆ ಹೇಳಿದ್ದರಿಂದಲೇ ನನಗೆ ಧೈರ್ಯ ಬಂತು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು ಎಂಬ ಎಚ್ಚರಿಕೆಯನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಟ್ಟೆ. ದ್ರಾವಣ ಹಚ್ಚಿಕೊಂಡು ಗಿರಣಿಗೆ ಹೋದರೆ ತೌಡಿನ ಧೂಳೆಲ್ಲ ಬಂದು ನೆತ್ತಿಗೆ ಅಂಟುತ್ತಿತ್ತು. ಆದ್ದರಿಂದ ಕೆಲಸದಿಂದ ಬಂದು ತಲೆ ತೊಳೆದು, ಒಣಗಿದ ಮೇಲೆ ರಾತ್ರಿ ಹಚ್ಚುವುದನ್ನು ರೂಢಿ ಮಾಡಿಕೊಂಡೆ. ಮೂರು ತಿಂಗಳಿಗೊಮ್ಮೆ ಅದೇ ಟ್ಯೂಬ್‌ಲೈಟಿನ ಕೆಳಗೆ, ಒಣಗಿದ ತಲೆಯನ್ನು ಒಂದೇ ರೀತಿ ಬಾಚಿ, ಮುಂದಿನಿಂದ, ಮೇಲಿನಿಂದ, ಎರಡೂ ಪಕ್ಕಗಳಿಂದ ಫೋಟೊ ತೆಗೆದಿಟ್ಟೆ. ದಿನಾ ಕನ್ನಡಿ ನೋಡಿಕೊಂಡರೆ ತಿಳಿಯದ ಸಂಗತಿ ಈ ಫೋಟೊಗಳಲ್ಲಿ ತಿಳಿಯಿತು: ಮೊದಲ ವರ್ಷದ ಬಳಿಕ ಉದುರುವಿಕೆ ನಿಂತಿತ್ತು, ನಡುನೆತ್ತಿ ಸ್ವಲ್ಪ ದಟ್ಟವೂ ಆಗಿತ್ತು. ಹಣೆಯ ಮೂಲೆಗಳು ಮಾತ್ರ ಬೋಳಾಗಿಯೇ ಉಳಿದವು. ಹೊಸದಾಗಿ ಉದುರುವುದು ನಿಂತು, ಔಷಧಿಗೆ ಬಗ್ಗದ ಜಾಗ ಇಷ್ಟೇ ಎಂದು ಗಟ್ಟಿಯಾದ ಮೇಲೆಯೇ ಕಸಿಯ ಮಾತನ್ನು ಮತ್ತೆ ಎತ್ತಿದೆ. ಅಷ್ಟರಲ್ಲಿ, ನನ್ನ ಹಣೆಯನ್ನು ನೋಡಿಯೂ ಒಪ್ಪಿದವಳೊಂದಿಗೆ ಮದುವೆಯೂ ಆಗಿತ್ತು.

ಎಲ್ಲಿ ಮಾಡಿಸುವುದು ಎಂದು ವಿಚಾರಿಸುವಾಗ ದೊಡ್ಡ ಊರಿನ ಕೇಂದ್ರವೊಂದರಲ್ಲಿ ವೈದ್ಯರು ನೋಡುವ ಮೊದಲೇ, ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂದರು. ಅಲ್ಲಿಂದ ಎದ್ದು ಬಂದೆ. ಇದು ತಂತ್ರಜ್ಞರ ಕೈಗೆ ಬಿಡುವ ಕೆಲಸವಲ್ಲ, ತಕ್ಕ ತರಬೇತಿ ಪಡೆದ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಪ್ರತಿಯೊಂದು ಕಡೆಯೂ, ಹಣೆಯಂಚನ್ನು ಯಾರು ಗೆರೆ ಎಳೆಯುತ್ತಾರೆ, ರಂಧ್ರಗಳನ್ನು ಯಾರು ಮಾಡುತ್ತಾರೆ, ಕೂದಲಿನ ಬುಡಗಳನ್ನು ಯಾರು ತೆಗೆಯುತ್ತಾರೆ, ಅದೇ ದಿನ ಇನ್ನೆಷ್ಟು ರೋಗಿಗಳಿರುತ್ತಾರೆ ಎಂದು ನೇರವಾಗಿ ಕೇಳಿದೆ. ಕೊನೆಗೆ ಒಪ್ಪಿಕೊಂಡ ವೈದ್ಯರು ನಾನು ಕೇಳಿದ್ದಕ್ಕಿಂತ ಎತ್ತರದಲ್ಲಿ ಗೆರೆ ಎಳೆದು, ಸುಮಾರು ಎರಡು ಸಾವಿರ ಗ್ರಾಫ್ಟ್ ಸಾಕು ಎಂದರು. ಕಡಿಮೆ ಹೇಳಿದವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ಕಾಲವನ್ನೂ ನೋಡಿಕೊಂಡೆ. ನವೆಂಬರಿನಿಂದ ಸುಗ್ಗಿಯ ಭತ್ತ ಬರತೊಡಗಿದರೆ ಗಿರಣಿಯಲ್ಲಿ ಉಸಿರಾಡಲು ಬಿಡುವಿಲ್ಲ, ಧೂಳೂ ವಿಪರೀತ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಬೆವರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ರೈತರೆಲ್ಲ ನಾಟಿಯಲ್ಲಿರುವ ಆಗಸ್ಟ್ ನನಗೆ ಸರಿಹೊಂದಿತು. ಮೊದಲ ಕೆಲವು ರಾತ್ರಿ ಎರಡು ದಿಂಬಿಗೆ ಒರಗಿ ಮಲಗಿ, ಹೇಳಿದ ಹೊತ್ತಿಗೆ ಸಲೈನ್ ಸಿಂಪಡಿಸಿಕೊಂಡೆ. ಹಕ್ಕಳೆ ಉದುರಲು ಹತ್ತು ದಿನ ಬೇಕಾಯಿತು. ಹೆಲ್ಮೆಟ್ ಹಾಕುವಂತಿಲ್ಲದ್ದರಿಂದ ಬೈಕನ್ನು ಮುಟ್ಟದೆ ಬಸ್ಸಿನಲ್ಲಿ ಓಡಾಡಿದೆ.

ಮುಂದಿನ ತಿಂಗಳು ನೆಟ್ಟ ಕೂದಲು ಬಹುಪಾಲು ಉದುರಿತು. ಬುಡ ಚರ್ಮದೊಳಗೇ ಉಳಿದಿರುತ್ತದೆ ಎಂದು ಮೊದಲೇ ತಿಳಿದಿರದಿದ್ದರೆ ಎದೆಯೊಡೆಯುತ್ತಿತ್ತು. ನಾಲ್ಕನೇ ತಿಂಗಳಿಗೆ ಸಣ್ಣ ಕೂದಲು ಚಿಗುರಿ, ವರ್ಷ ತುಂಬುವಾಗ ಹಣೆಯ ಮೂಲೆಗಳು ತುಂಬಿದವು. ಮುಟ್ಟಿ ನೋಡಿದರೆ ಹುಟ್ಟಿನ ಕೂದಲಷ್ಟು ದಟ್ಟವಿಲ್ಲ. ಕಸಿಯಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟು ದಟ್ಟಣೆ ಬಂದರೆ ನೋಡುವ ಕಣ್ಣಿಗೆ ಸಾಕಾಗುತ್ತದೆ.

ಮಾತ್ರೆಯನ್ನು ಇಂದಿಗೂ ನಿಲ್ಲಿಸಿಲ್ಲ, ಏಕೆಂದರೆ ನೆಟ್ಟಿದ್ದು ಉಳಿದರೂ ಅದರ ಹಿಂದಿನ ನನ್ನ ಸ್ವಂತ ಕೂದಲಿಗೆ ಆ ರಕ್ಷಣೆ ಬೇಕೇ ಬೇಕು. ನೆತ್ತಿಯ ಸುಳಿಯ ಸುತ್ತ ಸ್ವಲ್ಪ ತೆಳುವಾಗಿದೆ. ಅದಕ್ಕೂ ಈಗಲೇ ಮಾಡಿಸು ಎನ್ನುವವರಿದ್ದಾರೆ. ಹಿಂದಲೆಯಲ್ಲಿ ಉಳಿದಿರುವ ದಾಸ್ತಾನನ್ನು ನಲವತ್ತು ದಾಟುವವರೆಗೆ ಮುಟ್ಟುವುದಿಲ್ಲವೆಂದು ವೈದ್ಯರೊಡನೆ ಮಾತಾಡಿ ಇಟ್ಟುಕೊಂಡಿದ್ದೇನೆ, ಮೂರು ತಿಂಗಳಿಗೊಮ್ಮೆ ಫೋಟೊ ತೆಗೆಯುವುದನ್ನು ಮುಂದುವರಿಸಿದ್ದೇನೆ.