ಬೆನ್ನಿಗೆ ಸ್ಕ್ರೂ ಹಾಕಿದ ಮೇಲೆ ಸ್ನಾಯು ಗಟ್ಟಿ ಮಾಡಿಕೊಂಡ ನನ್ನ ಅನುಭವ

ಆಪರೇಷನ್‌ನಲ್ಲಿ ಸ್ಕ್ರೂ, ರಾಡ್ ಹಾಕಿದರೆ ಬೆನ್ನು ಗಟ್ಟಿಯಾಯ್ತು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಮುರಿದ ಮೂಳೆ ಕೂಡುವವರೆಗೆ ಅವು ಹಿಡಿದಿಡುತ್ತವೆ, ಅಷ್ಟೇ. ದಿನವಿಡೀ ಬೆನ್ನನ್ನು ಎತ್ತಿ ನಿಲ್ಲಿಸುವುದು ಸ್ನಾಯು. ಹಿಂದಿನಿಂದ ಕೊಯ್ದು ಮಾಡುವ ಆಪರೇಷನ್‌ನಲ್ಲಿ ಆ ಸ್ನಾಯುವನ್ನೇ ಎರಡೂ ಕಡೆ ಸರಿಸಿ ಒಳಗೆ ಹೋಗಿರುತ್ತಾರೆ, ಆಮೇಲೆ ಮಲಗಿದ್ದೇ ಮಲಗಿದ್ದು, ಮೇಲೆ ಬೆಲ್ಟ್ ಬೇರೆ. ಸೊರಗದೆ ಇನ್ನೇನಾಗುತ್ತೆ?

ಮಾಳಿಗೆಯಿಂದ ಬಿದ್ದು ನನಗೆ ಮುರಿದದ್ದು ಎಲ್ 1, ಅಂದರೆ ಕೆಳಬೆನ್ನಿನ ಮೊದಲ ಮಣಿ. ಎತ್ತರದಿಂದ ಬಿದ್ದವರಿಗೆ ಹೆಚ್ಚಾಗಿ ಪೆಟ್ಟಾಗುವುದು ಡಿ 12 (ಮೇಲ್ಬೆನ್ನಿನ ಕೊನೆಯ ಮಣಿ), ಎಲ್ 1 ಹತ್ತಿರವೇ. ಪಕ್ಕೆಲುಬು ಬಿಗಿಹಿಡಿದ ಮೇಲ್ಬೆನ್ನು ಮುಗಿದು, ಬಳುಕುವ ಕೆಳಬೆನ್ನು ಶುರುವಾಗುವ ಜಾಗ ಅದು. ನನಗೆ ನರಕ್ಕೆ ಪೆಟ್ಟಾಗಿರಲಿಲ್ಲ. ಕಾಲಿನ ಶಕ್ತಿ ಹೋದವರ ದಾರಿಯೇ ಬೇರೆ, ಅವರು ಇದನ್ನು ಓದಿ ಶುರು ಮಾಡಬೇಡಿ.

ಮೊದಲ ವ್ಯಾಯಾಮ ಅಂದರೆ ನಡಿಗೆ. ಹಾಸಿಗೆಯಿಂದ ಏಳುವಾಗ ಹೆಗಲು, ಸೊಂಟ ಒಟ್ಟಿಗೆ ಹೊರಳಿಸಿ, ಮಗ್ಗುಲಾಗಿ, ಕಾಲು ಕೆಳಗಿಳಿಸುತ್ತಾ ಕೈಯೂರಿ ಏಳುವುದು. ಬಾಗೋದು, ತಿರುಚೋದು, ಭಾರ ಎತ್ತೋದು ಬಂದ್. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಇರುವುದು ಇಲ್ಲಿ ಉಪಯೋಗಕ್ಕೆ ಬಂತು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಇದು, ಸೆಕ್ಟರ್ ರಸ್ತೆಗಳು ನೇರವಾಗಿವೆ, ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ ಬೈಕಿಗೆ ಹೆದರಿ ಪಕ್ಕಕ್ಕೆ ಜಿಗಿಯುವ ಹಾಗೆ ಇಲ್ಲಿ ಜಿಗಿಯಬೇಕಿಲ್ಲ. ಒಮ್ಮೆಲೇ ದೂರ ಹೋಗುವ ಬದಲು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ನಡೆದೆ.

ಎಕ್ಸ್‌ರೇ ನೋಡಿ ಡಾಕ್ಟರ್ ಒಪ್ಪಿದ ಮೇಲೆ ಫಿಜಿಯೋ ನೆಲದ ವ್ಯಾಯಾಮ ಶುರು ಮಾಡಿಸಿದರು. ಬೆನ್ನಿನ ಮೇಲೆ ಮಲಗಿ, ಮೊಣಕಾಲು ಮಡಚಿ, ಉಸಿರು ಹಿಡಿಯದೆ ಹೊಟ್ಟೆ ಬಿಗಿಮಾಡುವುದು. ನೋಡಿದರೆ ಏನೂ ಅಲ್ಲ ಅನಿಸುತ್ತೆ, ಮಾತಾಡುತ್ತಾ ಬಿಗಿ ಹಿಡಿದು ನೋಡಿ, ಗೊತ್ತಾಗುತ್ತೆ. ಅದು ಬಂದ ಮೇಲೆ ಹಾಗೇ ಬಿಗಿ ಹಿಡಿದು ಹಿಮ್ಮಡಿ ಜಾರಿಸೋದು, ಆಮೇಲೆ ಸೊಂಟ ಎತ್ತೋದು. ಎತ್ತುವಾಗ ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳಿ, ಕೆಲಸ ಪಿರ್ರೆಗೆ ಹೋಗಬೇಕು.

ನನಗೆ ನಿಜವಾಗಿ ಬೆನ್ನು ಕೊಟ್ಟದ್ದು ಮಾತ್ರ ನಾಲ್ಕು ಕಾಲಿನ ವ್ಯಾಯಾಮ. ಅಂಗೈ, ಮೊಣಕಾಲು ಊರಿ, ಒಂದು ಕೈ ಮುಂದಕ್ಕೆ, ಎದುರು ಕಡೆಯ ಕಾಲು ಹಿಂದಕ್ಕೆ. ಸೊಂಟ ಹೊರಳಬಾರದು. ಕೆನಡಾದ ಪ್ರೊಫೆಸರ್ ಸ್ಟುವರ್ಟ್ ಮೆಕ್‌ಗಿಲ್ ಬೆನ್ನಿಗೆ ಹೇಳುವ ಮೂರು ವ್ಯಾಯಾಮಗಳಲ್ಲಿ ಇದೂ ಒಂದು. ತುಂಬಾ ಹೊತ್ತು ನಡುಗುತ್ತಾ ಹಿಡಿಯುವುದಕ್ಕಿಂತ 10 ಸೆಕೆಂಡ್ ಹಿಡಿದು, ಬಿಟ್ಟು, ಮತ್ತೆ ಮಾಡುವುದು ಅವರ ಪದ್ಧತಿ. ಬೆನ್ನು ಅಂದರೆ ಹಿಂದಕ್ಕೆ ಬಾಗಿಸೋದು, ಭುಜಂಗಾಸನ ಅಂತ ಎಲ್ಲರೂ ಹೇಳುತ್ತಿದ್ದರು. ಮೂಳೆ ಕೂಡುತ್ತಿರುವಾಗ ಬೇಕಿರುವುದು ಕೈಕಾಲು ಆಡಿದರೂ ಅಲುಗದ ಬೆನ್ನು, ಅಲ್ವಾ?

ಪಕ್ಕದ ಮನೆ ಅಜ್ಜಿಯದು ಇನ್ನೊಂದು ಹಟ: "ತಮ್ಮಾ, ಎಣ್ಣಿ ಹಚ್ಚಿ ಗಟ್ಟಿ ತಿಕ್ಕಿಸಿಕೊಳ್ಳೋ, ಬೆನ್ನು ಸಡಿಲ ಆಗತೈತಿ." ಹೂಂ ಅಂದು ಸುಮ್ನಾದೆ. ಹೊಸ ಆಪರೇಷನ್ ಬೆನ್ನನ್ನು ಯಾರ ಕೈಗೂ ಕೊಡಬೇಡಿ.

ಎಷ್ಟು ಮಾಡಬೇಕು ಅನ್ನೋದನ್ನು ನಾನು ಮರುದಿನ ಬೆಳಗ್ಗೆ ತೀರ್ಮಾನಿಸುತ್ತಿದ್ದೆ. ಸ್ನಾಯು ಸ್ವಲ್ಪ ಹಿಡಿದಂತಿದ್ದರೆ ಸರಿ, ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ಅವತ್ತು ಬರೀ ನಡಿಗೆ. ಕಾಲಿಗೆ ಹೊಸದಾಗಿ ಜೋಮು ಬಂದರೆ, ಮೂತ್ರ ಕಟ್ಟಿದರೆ, ಗಾಯ ಸೋರಿದರೆ, ಜ್ವರ ಬಂದರೆ ವ್ಯಾಯಾಮದ ಲೆಕ್ಕ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ಬೆಲ್ಟನ್ನು ಡಾಕ್ಟರ್ ಹೇಳಿದಾಗ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆ, ಮೊದಲು ಮನೆಯೊಳಗೆ, ಆಮೇಲೆ ಹೊರಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣೋದು ನಮ್ಮಲ್ಲಿ ರೂಢಿ, ಹಾಗೆ ಕೂತರೆ ಕೆಳಬೆನ್ನು ಗೂನಾಗುತ್ತೆ, ಅದಕ್ಕೇ ರೊಟ್ಟಿ ತಟ್ಟೆ ಬಹಳ ದಿನ ಟೇಬಲ್ ಮೇಲೇ ಇತ್ತು. ಕೊನೆಗೆ ಕಲಿತದ್ದು ಬಗ್ಗುವುದನ್ನು. ಬೆನ್ನಿಗೆ ಉದ್ದಕ್ಕೆ ಒಂದು ಬಡಿಗೆ ಹಿಡಿದು, ತಲೆ, ಮೇಲ್ಬೆನ್ನು, ಬಾಲದ ಮೂಳೆ ಮೂರಕ್ಕೂ ತಾಗಿಸಿಕೊಂಡು, ಟೊಂಕದಿಂದ, ಅಂದರೆ ತೊಡೆ ಕೂಡುವ ಕೀಲಿನಿಂದಷ್ಟೇ ಬಾಗಬೇಕು. ಬಡಿಗೆ ಬಿಟ್ಟುಕೊಳ್ಳದೆ ಬಾಗಲು ಬಂದ ಮೇಲೆ ಖಾಲಿ ಕೊಡ ಎತ್ತಿದೆ, ಆಮೇಲೆ ಸ್ವಲ್ಪ ನೀರು ತುಂಬಿ. ತುಂಬಿದ ಕೊಡ ಈಗಲೂ ಮೈಗೆ ಒತ್ತಿಕೊಂಡೇ ಎತ್ತುತ್ತೇನೆ. ನಾಲ್ಕು ಕಾಲಿನ ವ್ಯಾಯಾಮ ಈಗಲೂ ಬಿಟ್ಟಿಲ್ಲ.