ಅನ್ಯಗ್ರಹದಲ್ಲಿ ದಂಡು ಯಾರ ಮಾತು ಕೇಳಬೇಕು?

ಪುಣೆಯ ಖಡಕಿಗೆ ಬಂದು ಇಪ್ಪತ್ತು ವರ್ಷವಾಯಿತು. ನನ್ನ ಕತೆಗಳ ಅನ್ಯಗ್ರಹ ಸರ್ಕಾರಗಳೆಲ್ಲ ಈ ದಂಡು ಪ್ರದೇಶದಲ್ಲೇ ಹುಟ್ಟಿದವು. ನೀವೂ ಅಂಥದ್ದು ಬರೆಯುವುದಾದರೆ ಸಿಂಹಾಸನ, ಸಮವಸ್ತ್ರ ಆಮೇಲೆ ನೋಡಿಕೊಳ್ಳಿ. ಮೊದಲು, ಸೈನಿಕರ ಸಂಬಳ ಯಾರ ಕೈಯಿಂದ ಬರುತ್ತದೆಂದು ತೀರ್ಮಾನಿಸಿ. ಆರು ಕಾಲಿನ ಜೀವಿಗೂ ಹೊಟ್ಟೆ ಇರುತ್ತದಲ್ಲ.

ಹೆಸರಿನ ಅಧಿಕಾರ ಬೇರೆ, ನಿಜದ ಹಿಡಿತ ಬೇರೆ ಮಾಡಿ. 1749ರಲ್ಲಿ ಮರಾಠಾ ದೊರೆ ಶಾಹೂ ಛತ್ರಪತಿ ತೀರಿಕೊಂಡ ಮೇಲೆ ಹಿಡಿತವೆಲ್ಲ ಅವನ ಪ್ರಧಾನಿಗೆ, ಅಂದರೆ ಪುಣೆಯ ಪೇಶ್ವೆಗೆ ಬಂತು. ಆದರೂ ಹೊಸ ಪೇಶ್ವೆಗೆ ಪದವಿಯ ವಸ್ತ್ರ ದೊರೆಯಿದ್ದ ಸಾತಾರದಿಂದಲೇ ಬರಬೇಕಿತ್ತು. ನಿಮ್ಮ ಗ್ರಹದಲ್ಲಿ ಆ ವಸ್ತ್ರ ಹತ್ತು ದಿನ ತಡವಾಗಲಿ, ಕತೆ ತಾನೇ ಹೊರಡುತ್ತದೆ.

ನನಗೆ ಹೆಚ್ಚು ಇಷ್ಟ ದಂಡು ಪ್ರದೇಶದ ಊರಾಡಳಿತ ನೋಡಿಕೊಳ್ಳುವ ಕಂಟೋನ್ಮೆಂಟ್ ಬೋರ್ಡಿನ ಮಾದರಿ. 2006ರ ಕಾಯ್ದೆಯಲ್ಲಿ ಅಧ್ಯಕ್ಷ ಸೇನಾಧಿಕಾರಿ. ಉಪಾಧ್ಯಕ್ಷ, ಜನ ಆರಿಸಿದ ಸದಸ್ಯರಲ್ಲೊಬ್ಬ. ನಲ್ಲಿ, ಚರಂಡಿ, ಬೀದಿದೀಪ ಎಲ್ಲಕ್ಕೂ ಇಬ್ಬರೂ ಒಂದೇ ಮೇಜಿಗೆ ಕೂರಬೇಕು. ನಿಮ್ಮ ಮಹಾಸೇನಾಪತಿಯನ್ನೂ ಹಾಗೇ ಕೂರಿಸಿ, ಚರಂಡಿ ಕಟ್ಟಿದೆಯೆಂದು ಮುದುಕಿಯೊಬ್ಬಳ ಕೈಲಿ ಅರ್ಜಿ ಕೊಡಿಸಿ. ನಾನು ಹಾಗೆ ಬರೆದಾಗ ನಮ್ಮ ಮನೆಯಾಕೆ ಓದಿ, "ಇದು ನಮ್ಮ ಬೀದಿಯೇ ಅಲ್ವೇನ್ರೀ?" ಅಂದಳು. ಆಕಾಶಕ್ಕೆ ಇನ್ನೊಂದು ಚಂದ್ರ ಸೇರಿಸಿದೆ.