ಅಡುಗೆಮನೆ ಕಪಾಟಿಗೆ ಹೊಸ ಸನ್‌ಮೈಕಾ: ಯಾವ ಅಂಟು ತರಬೇಕು?

ಕಪಾಟಿನ ಪೆಟ್ಟಿಗೆ ಗಟ್ಟಿಯಾಗಿಯೇ ಇದ್ದು, ಬಾಗಿಲುಗಳ ಮುಖ ಮಾತ್ರ ಹಳತಾಗಿದ್ದರೆ ಎಲ್ಲವನ್ನೂ ಕಿತ್ತು ಹೊಸದು ಮಾಡಿಸಬೇಕಾಗಿಲ್ಲ. ಬಾಗಿಲಿಗೆ ಹೊಸ ಸನ್‌ಮೈಕಾ ಹೊದಿಸಿದರೆ ಸಾಕು. ಆದರೆ ನಮ್ಮ ಜನ ಬಣ್ಣ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತಾರೆ, ಅಂಟಿನ ವಿಷಯ ಬಂದಾಗ "ಯಾವುದಾದ್ರೂ ಒಂದು ಫೆವಿಕಾಲ್ ತಗೊಂಡು ಬಾಪ್ಪಾ" ಅಂತ ಕಾರ್ಪೆಂಟರ್ ಕೈಗೆ ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಒಲೆ ಪಕ್ಕದ ಬಾಗಿಲಿನ ಮೂಲೆ ಬಾಯಿ ಬಿಟ್ಟಿರುತ್ತೆ, ಆಗ ಹಾಳೆ ಮಾರಿದವನಿಗೆ ಬೈಗುಳ.

ಫೆವಿಕಾಲ್ ಹೆಸರಲ್ಲೇ ಎಷ್ಟೋ ಥರದ ಡಬ್ಬಗಳಿವೆ, ಒಂದರ ಕೆಲಸ ಇನ್ನೊಂದು ಮಾಡಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಎರಡು ವಿಷಯ ನೋಡ್ಕೊಳ್ಳಿ. ಹೊಸ ಹಾಳೆ ಕೂರಬೇಕಾದ ಜಾಗದಲ್ಲಿ ಈಗ ಏನಿದೆ, ಬರೀ ಪ್ಲೈವುಡ್ಡಾ, ಹಳೇ ಸನ್‌ಮೈಕಾನಾ, ಪಿವಿಸಿ ಬೋರ್ಡಾ? ಆಮೇಲೆ, ಆ ಬಾಗಿಲು ಇರುವುದು ಎಲ್ಲಿ, ಸಿಂಕ್ ಕೆಳಗಾ, ಒಲೆ ಪಕ್ಕದಲ್ಲಾ, ಇಲ್ಲ ಮೇಲ್ಗಡೆ ಒಣ ಜಾಗದಲ್ಲಾ?

ಹಾಲಿನ ಹಾಗೆ ಬೆಳ್ಳಗಿರುವ ಮಾಮೂಲಿ ಅಂಟು, ಅಂದರೆ ಎಸ್‌ಎಚ್ ಅಂತ ಬರೆದಿರುತ್ತಲ್ಲ ಅದು, ನೀರಿನಲ್ಲಿ ಕಲೆಸಿದ ಅಂಟು. ಅದರಲ್ಲಿರುವ ನೀರು ಮರದೊಳಗೆ ಇಳಿದು ಹೋದಮೇಲೇ ಅದು ಹಿಡಿಯೋದು. ಬರೀ ಪ್ಲೈವುಡ್ ಮೇಲೆ ಹೊಸ ಹಾಳೆ ಹಾಕೋಕೆ ಬಹಳ ಒಳ್ಳೇದು, ಬೆಲೆಯೂ ಕಡಿಮೆ, ವಾಸನೆಯೂ ಇಲ್ಲ, ಹಾಳೆಯನ್ನು ಸ್ವಲ್ಪ ಅತ್ತಿತ್ತ ಸರಿಸಿ ಕೂರಿಸೋಕೂ ಬಿಡುತ್ತೆ. ಆದರೆ ಹಳೇ ಸನ್‌ಮೈಕಾ ಕೀಳದೆ ಅದರ ಮೇಲೇ ಹೊಸದು ಹಾಕ್ತೀವಿ ಅಂದರೆ ಈ ಅಂಟು ಬೇಡವೇ ಬೇಡ. ಕೆಳಗೆ ನೀರು ಕುಡಿಯದ ಹಾಳೆ, ಮೇಲೂ ನೀರು ಬಿಡದ ಹಾಳೆ, ನಡುವೆ ಸಿಕ್ಕಿಕೊಂಡ ನೀರು ಹೋಗೋದಾದರೂ ಎಲ್ಲಿಗೆ? ವಾರ ಬಿಟ್ಟು ಎಬ್ಬಿಸಿ ನೋಡಿದರೂ ನಡುವಿನಲ್ಲಿ ಹಸಿಯಾಗೇ ಇರುತ್ತೆ.

ಬಿಳಿ ಅಂಟಿಗೆ ಭಾರ ಹೇರೋದು ಕಡ್ಡಾಯ. ಬಾಗಿಲನ್ನು ಸಮನಾದ ನೆಲದ ಮೇಲೆ ಮಲಗಿಸಿ, ಮೇಲೊಂದು ಹಲಗೆ ಇಟ್ಟು, ಮರಳಿನ ಚೀಲವೋ ಅಕ್ಕಿ ಮೂಟೆಯೋ ಹೇರಿ ರಾತ್ರಿಯಿಡೀ ಬಿಡಬೇಕು. ಡಬ್ಬ ಗಟ್ಟಿಯಾಗಿದೆ ಅಂತ ಅದಕ್ಕೆ ನೀರು ಬೆರೆಸುವ ಕಾರ್ಪೆಂಟರ್‌ಗಳಿದ್ದಾರೆ, ಹಚ್ಚೋಕೆ ಸಲೀಸು, ಡಬ್ಬವೂ ಜಾಸ್ತಿ ದಿನ ಬರುತ್ತೆ. ಅದಕ್ಕೆ ಒಪ್ಪಬೇಡಿ. ನೀರು ಜಾಸ್ತಿಯಾದಷ್ಟು ಹಿಡಿತ ಕಡಿಮೆ, ಪ್ಲೈ ಕೂಡ ಉಬ್ಬುತ್ತೆ.

ಸಿಂಕ್ ಕೆಳಗಿನ ಬಾಗಿಲಿಗೆ ಈ ಮಾಮೂಲಿ ಬಿಳಿ ಅಂಟು ಸಾಲದು, ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುವ ಗುಣ ಅದರದ್ದು. ಅದೇ ಜಾತಿಯಲ್ಲಿ ನೀರು ತಡೆಯುವಂಥದ್ದು, ಮರೀನ್ ಅಂತ ಬರೆದಿರೋದು ಸಿಗುತ್ತೆ, ಅದನ್ನು ತನ್ನಿ. ಸ್ವಲ್ಪ ದುಬಾರಿ, ಆದರೂ ಬರೀ ಪ್ಲೈವುಡ್ ಬಾಗಿಲುಗಳಿಗೆಲ್ಲ ಒಂದೇ ಡಬ್ಬ ತರ್ತೀನಿ ಅನ್ನೋರಿಗೆ ನಾನು ಇದನ್ನೇ ಹೇಳೋದು. ಹಾಗಂತ ಪಾರ್ಟಿಕಲ್ ಬೋರ್ಡ್ ಬಾಗಿಲು ನೀರು ಕುಡಿದು ಉಬ್ಬಿ ಹೋಗಿದ್ದರೆ ಯಾವ ಅಂಟೂ ಅದನ್ನು ಉಳಿಸಲ್ಲ. ಆ ಒಂದು ಬಾಗಿಲನ್ನು ಹೊಸದಾಗಿ ಮಾಡಿಸಿ, ಐಎಸ್ 710 ಅಂತ ಮುದ್ರೆ ಇರುವ ಮರೀನ್ ಪ್ಲೈನಲ್ಲಿ.

ಹಳೇ ಸನ್‌ಮೈಕಾ ಮೇಲೆ, ಪಿವಿಸಿ ಬೋರ್ಡ್ ಮೇಲೆ, ತಗಡಿನ ಮೇಲೆ ಹಾಳೆ ಹಾಕೋದಾದರೆ ಬೇಕಾದದ್ದು ರಬ್ಬರ್ ಅಂಟು. ಎಸ್‌ಆರ್ 998 ಥರದ್ದು. ಶಾಖ ತಡೆಯೋಕೆ ಅಂತಲೇ ಹೀಟ್‌ಎಕ್ಸ್ ಅಂತೊಂದು ಬರುತ್ತೆ, ಒಲೆಯ ಅಕ್ಕಪಕ್ಕ ಮತ್ತು ಓವನ್ ಸುತ್ತ ಅದೇ ಇರಲಿ. ಕಪಾಟಿನ ಬಾಗಿಲು ನೆಟ್ಟಗೆ ನಿಂತಿರುವಾಗಲೇ ಹಾಳೆ ಅಂಟಿಸಬೇಕು, ಭಾರ ಹೇರೋಕೆ ಆಗಲ್ಲ ಅನ್ನುವ ಕಡೆಯೂ ಇದೇ ಗತಿ.

ಈ ಅಂಟಿನ ಕ್ರಮ ಬೇರೆ, ಇಲ್ಲೇ ಜಾಸ್ತಿ ಕೆಲಸ ಕೆಡೋದು. ಬಾಗಿಲಿಗೂ ಹಚ್ಚಬೇಕು, ಹಾಳೆಯ ಬೆನ್ನಿಗೂ ಹಚ್ಚಬೇಕು, ತೆಳ್ಳಗೆ, ಎಲ್ಲೂ ಗಂಟು ಕಟ್ಟದ ಹಾಗೆ. ಹಚ್ಚಿದ ಕೂಡಲೇ ಜೋಡಿಸಬಾರದು. ಹತ್ತರಿಂದ ಇಪ್ಪತ್ತು ನಿಮಿಷ ಕಾಯಿರಿ, ಡಬ್ಬದ ಮೇಲೂ ಬರೆದಿರುತ್ತೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಮುಟ್ಟಿ ನೋಡಿ: ಜಿಗುಟು ಅನ್ನಿಸಬೇಕು, ಆದರೆ ಅಂಟು ಎಳೆ ಎಳೆಯಾಗಿ ಕೈಗೆ ಬರಬಾರದು. ಎಳೆ ಬಂತಾ, ಇನ್ನೂ ಐದು ನಿಮಿಷ. ಹಸಿ ಇರುವಾಗಲೇ ಜೋಡಿಸಿದರೆ ಒಳಗಿನ ಆವಿ ಹೊರಗೆ ಬರೋಕೆ ದಾರಿ ಇಲ್ಲದೆ ಆಮೇಲೆ ಗುಳ್ಳೆ ಏಳುತ್ತೆ.

ಜೋಡಿಸುವಾಗ ಎರಡನೇ ಅವಕಾಶ ಇಲ್ಲ. ಮುಟ್ಟಿತು ಅಂದರೆ ಹಿಡೀತು. ಹಾಗಾಗಿ ಒಣಗಿದ ಅಂಟಿನ ಮೇಲೆ ನಾಲ್ಕೈದು ತೆಳು ಬೀಡಿಂಗ್ ಪಟ್ಟಿಗಳನ್ನು ಅಡ್ಡಡ್ಡ ಇಟ್ಟು, ಅದರ ಮೇಲೆ ಹಾಳೆ ಇರಿಸಿ, ಅಂಚು ಸರಿಯಾಗಿ ಹೊಂದಿಸಿಕೊಳ್ಳಿ. ಆಮೇಲೆ ನಡುವಿನ ಪಟ್ಟಿಯನ್ನು ಮೊದಲು ಎಳೆದು, ಅಂಗೈಯಿಂದ ಒತ್ತಿ, ನಡುವಿನಿಂದ ಹೊರಗಡೆಗೆ ಒಂದೊಂದೇ ಪಟ್ಟಿ ತೆಗೆಯುತ್ತಾ ಹೋಗಿ. ಹೀಗೆ ಮಾಡಿದರೆ ಗಾಳಿ ಅಂಚಿನ ಕಡೆ ಓಡುತ್ತೆ. ಕೊನೆಗೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು ಎಲ್ಲಾ ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡೀರಿ, ಅಂಚಿಗೆ ಸ್ವಲ್ಪ ಜಾಸ್ತಿ. ಹಾಳೆಯನ್ನು ಬಾಗಿಲಿಗಿಂತ ಒಂದಿಷ್ಟು ದೊಡ್ಡದಾಗಿಯೇ ಕತ್ತರಿಸಿರಬೇಕು, ಹೆಚ್ಚಾದದ್ದನ್ನು ಆಮೇಲೆ ಅರದಿಂದ ಉಜ್ಜಿ ತೆಗೀಬಹುದು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ರಬ್ಬರ್ ಅಂಟಿನ ಆವಿಗೆ ಬೆಂಕಿ ಹತ್ತುತ್ತೆ. ಗ್ಯಾಸ್ ಸಿಲಿಂಡರ್ ಮುಚ್ಚೋದು ಸರಿ, ದೇವರ ಮನೆ ದೀಪ, ಊದುಬತ್ತಿ, ಕಾರ್ಪೆಂಟರ್ ಬಾಯಿಯ ಬೀಡಿ ಇವೂ ಲೆಕ್ಕಕ್ಕೆ ಬರ್ತವೆ. ಕಿಟಕಿ ಎಲ್ಲಾ ತೆರೆದಿರಲಿ, ಆಗೋದಾದರೆ ಬಾಗಿಲುಗಳನ್ನು ಕಳಚಿ ತಾರಸಿಯಲ್ಲೋ ಜಗಲಿಯಲ್ಲೋ ನೆರಳಲ್ಲಿ ಕೆಲಸ ಮಾಡಿಸಿ. ಬಸುರಿಯರು, ಚಿಕ್ಕ ಮಕ್ಕಳು ಆ ದಿನ ಬೇರೆಲ್ಲಾದರೂ ಇದ್ದರೆ ಒಳ್ಳೇದು.

ಯಾವ ಅಂಟೇ ಇರಲಿ, ಎಣ್ಣೆ ಜಿಡ್ಡಿನ ಮೇಲೆ ನಿಲ್ಲಲ್ಲ. ಒಗ್ಗರಣೆ ಹೊಗೆ ವರ್ಷಾನುಗಟ್ಟಲೆ ಕೂತಿರುತ್ತೆ, ಕಣ್ಣಿಗೆ ಕಾಣಿಸಲ್ಲ, ಹಿಡಿಕೆಯ ಹತ್ತಿರ ಉಗುರಿನಿಂದ ಕೆರೆದರೆ ಹಳದಿ ಮೇಣದ ಹಾಗೆ ಬರುತ್ತೆ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ಒರೆಸಿ, ಬರೀ ನೀರಿನಿಂದ ಇನ್ನೊಮ್ಮೆ, ಪೂರ್ತಿ ಒಣಗಲಿ. ಆಮೇಲೆ 80 ನಂಬರಿನ ಸ್ಯಾಂಡ್ ಪೇಪರ್‌ನಿಂದ ಹಳೇ ಸನ್‌ಮೈಕಾದ ಹೊಳಪು ಹೋಗುವ ತನಕ ಉಜ್ಜಿ, ಪುಡಿ ಒರೆಸಿ. ಹಳೇ ಹಾಳೆ ಟೊಳ್ಳಾಗಿದೆಯಾ ಅಂತ ಬೆರಳಿನಿಂದ ತಟ್ಟಿ ನೋಡೋದನ್ನು ಮರೀಬೇಡಿ. ಡಬಡಬ ಸದ್ದು ಬಂದರೆ ಆ ಹಾಳೆ ಕಿತ್ತೇ ಹಾಕಬೇಕು, ಅದರ ಮೇಲೆ ಎಷ್ಟು ಒಳ್ಳೆ ಅಂಟು ಹಾಕಿದರೂ ಎರಡೂ ಸೇರಿ ಎದ್ದು ಬರ್ತವೆ.

ಅಂಚಿನ ಪಟ್ಟಿಗೂ ರಬ್ಬರ್ ಅಂಟೇ ಸರಿ. ಅವಸರಕ್ಕೆ ಫೆವಿಕ್ವಿಕ್ ಹಾಕುವವರಿದ್ದಾರೆ, ಅದು ಒಣಗಿದ ಮೇಲೆ ಪೆಡಸು, ಬಾಗಿಲು ಬಡಿದಾಗಲೆಲ್ಲ ಬಿರುಕು ಬಿಡುತ್ತೆ, ಗಾಢ ಬಣ್ಣದ ಹಾಳೆಯ ಮೇಲೆ ಬೂದಿ ಹಾಗೆ ಬೆಳ್ಳಗೆ ಕೂರುತ್ತೆ ಬೇರೆ. ಚಿಪ್ಪೆದ್ದ ಒಂದು ಚೂರನ್ನು ಕೂರಿಸೋಕೆ ಮಾತ್ರ ಸಾಕು. ಬಾಗಿಲಿನ ಕೆಳ ಅಂಚನ್ನು ಯಾರೂ ನೋಡಲ್ಲ ಅಂತ ಪಟ್ಟಿ ಹಾಕದೆ ಬಿಡ್ತಾರೆ, ನೆಲ ಒರೆಸುವ ನೀರು ಹೋಗೋದೇ ಅಲ್ಲಿಂದ.

ಬಾಡಿಗೆ ಮನೆಯವರು ಹಿಂದೆ ಅಂಟು ಇರುವ ಸ್ಟಿಕರ್ ಹಾಳೆ ತಂದರೆ ತಪ್ಪೇನಿಲ್ಲ, ಕುಕ್ಕರ್ ಹಬೆ ಬಡಿಯುವ ಕಡೆ ಮಾತ್ರ ಬೇಡ.

ಇನ್ನು ಕಾಲ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಆಷಾಢ ಶ್ರಾವಣದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಳಿ ಅಂಟು ಒಣಗಲ್ಲ, ರಬ್ಬರ್ ಅಂಟು ಆರುವಾಗ ತಣ್ಣಗಾಗಿ ಗಾಳಿಯ ತೇವವನ್ನು ಮೈಮೇಲೆ ಎಳೆದುಕೊಳ್ಳುತ್ತೆ, ಆ ನೀರಿನ ಪದರದ ಮೇಲೆ ಹಿಡಿತವೇ ಬರಲ್ಲ. ದೀಪಾವಳಿ ಕಳೆದು ಯುಗಾದಿ ಒಳಗೆ ಮುಗಿಸಿಕೊಳ್ಳಿ. ಡಬ್ಬದ ಮೇಲಿನ ತಾರೀಖು ನೋಡಿ ತನ್ನಿ, ಮೂಲೆಯಲ್ಲಿ ಬಿದ್ದಿದ್ದ ಹಳೇ ಡಬ್ಬಕ್ಕೆ ಥಿನ್ನರ್ ಹಾಕಿ ಎಬ್ಬಿಸೋ ಸಾಹಸ ಬೇಡ.

ಮುಂದೆ ರಬ್ಬರ್ ಅಂಟಿನ ಬಾಗಿಲಲ್ಲಿ ಒಂದು ಮೂಲೆ ಎದ್ದಿತು ಅಂದುಕೊಳ್ಳಿ. ಕೂಡಲೇ ಹೊಸ ಅಂಟು ಸುರಿಯಬೇಡಿ. ಮೇಲೆ ದಪ್ಪ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಶಾಖದಲ್ಲಿ ಒಂದು ನಿಮಿಷ ಆಡಿಸಿ, ಬಿಸಿ ಇರುವಾಗಲೇ ಮರದ ತುಂಡಿನಿಂದ ಒತ್ತಿ ಹಿಡಿದು ಆರುವ ತನಕ ಬಿಡಿ. ಒಳಗೆ ಧೂಳು ಜಿಡ್ಡು ಸೇರಿರದಿದ್ದರೆ ಹಳೇ ಅಂಟೇ ಮೆತ್ತಗಾಗಿ ಮತ್ತೆ ಕೂತುಕೊಳ್ಳುತ್ತೆ.